ಮಾಲಾ ಎಂದರೇನು

ತಲೆ ಸುಮ್ಮನಿರದ ನನ್ನಂಥವರ ಕೈಗೆ ನಿಘಂಟು ಸಿಗಬಾರದು. ಚಾಮರಾಜನಗರದ ನಮ್ಮ ಕಚೇರಿಯಲ್ಲಿ ಊಟದ ನಂತರ ಕೆಲಸ ಕಡಿಮೆ. ಹೊತ್ತು ಹೋಗಲೆಂದು ಫೋನಿನಲ್ಲಿ ಎಸ್ಪೆರಾಂಟೊ ಕಲಿಯತೊಡಗಿದೆ. ಜಗತ್ತಿಗೆಲ್ಲ ಒಂದೇ ಭಾಷೆ ಇರಲೆಂದು ಯಾರೋ ಮಹಾನುಭಾವರು ಕೂತು ಕಟ್ಟಿದ ಭಾಷೆ ಅದು. ಅದು ಸರಿಯಿಲ್ಲವೆಂದು ಇನ್ನು ಕೆಲವರು ತಿದ್ದಿ ಇಡೊ ಎಂಬ ಇನ್ನೊಂದನ್ನು ಮಾಡಿದರು. ಒಂದಾಗಬೇಕಾದದ್ದು ಎರಡಾಯಿತು. ನನಗಂತೂ ಎರಡರಲ್ಲೂ ಕುಡಿಯಲು ನೀರು ಕೇಳಲು ಬರುವುದಿಲ್ಲ.

ಹೀಗಿರುವಾಗ ಗುಂಡ್ಲುಪೇಟೆಯಿಂದ ತಂಗಿ ಸವಿತಾಳ ಫೋನು ಬಂತು. ಹುಟ್ಟಿದ ಮೇಲೆ ಬಹಳ ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿ ಬಂದ ಅವಳ ಮಗಳಿಗೆ ಭಾನುವಾರ ನಾಮಕರಣ, ಹೆಸರು ಮಾಲಾ, ಕಿವಿಯಲ್ಲಿ ಹೇಳಬೇಕಾದವನು ಸೋದರಮಾವನಾದ ನಾನು. ಸಂತೋಷಪಟ್ಟು ಸುಮ್ಮನಿರಬಹುದಿತ್ತು. ಆದರೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ mala ಎಂದು ಬರೆದು ಫೋನಿನ ನಿಘಂಟಿನಲ್ಲಿ ಹುಡುಕಿದೆ. ಎಸ್ಪೆರಾಂಟೊದಲ್ಲಿ ವಿರುದ್ಧವಾದದ್ದು ಎಂದಿತು. ಇಡೊದಲ್ಲಿ ಕೆಟ್ಟದ್ದು. ಎರಡಕ್ಕೂ ಮೂಲವಾದ ಲ್ಯಾಟಿನ್ನಿನಲ್ಲೂ ಕೆಟ್ಟದ್ದೇ.

ಭಾನುವಾರ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಮನೆಯಿಂದ ಹೊರಡುವಾಗ ಹೆಂಡತಿ ವಿಷಯ ಕೇಳಿ, ಬಾಯಿ ಮುಚ್ಚಿಕೊಂಡು ಹೆಸರು ಹೇಳಿ ಬನ್ನಿ ಎಂದಿದ್ದಳು. ಒಪ್ಪಿದ್ದೆ. ಆದರೆ ತೊಟ್ಟಿಲಿಗೆ ಬಗ್ಗಿದಾಗ ನಾಲಿಗೆ ಹೊರಳಲೇ ಇಲ್ಲ. ಯಾಕೆಂದು ಸವಿತಾ ಕೇಳಿದಳು. ಹೇಳಿಬಿಟ್ಟೆ.

ಅವಳ ಗಂಡ ಮಹದೇವು ಕೇರಳಕ್ಕೆ ಈರುಳ್ಳಿ ಕಳಿಸುವ ವ್ಯಾಪಾರಿ. "ಅಲ್ಲಿಯವ್ರು ಬೆಟ್ಟಕ್ಕೇ ಮಲ ಅಂತಾರೆ ಬುಡಿ ಭಾವ. ಯಾವ ಬೆಟ್ಟಕ್ಕೆ ಏನಾಗದೆ?" ಎಂದ.

ಸವಿತಾ ನಗಲಿಲ್ಲ. ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. "ಉಳೀತದೋ ಇಲ್ವೋ ಅಂತಿದ್ದ ಕೂಸು ಕಣಣ್ಣ. ಕೆಟ್ಟದ್ದು ಅನ್ನೋ ಮಾತ ಇವತ್ತೇ ಏಳ್ಬೇಕಾಗಿತ್ತಾ?"

ನೆಲ ಬಿರಿದರೆ ಒಳಗೆ ಹೋಗೋಣವೆನ್ನಿಸಿತು. ಅದು ಬಿರಿಯದ್ದರಿಂದ ಮತ್ತೆ ಫೋನು ತೆಗೆದು, ಮೊದಲ ಸಾಲಿಗೇ ಓದಿ ಬಿಟ್ಟಿದ್ದ ಲ್ಯಾಟಿನ್ ಅರ್ಥವನ್ನು ಕೆಳಗಿನವರೆಗೂ ಓದಿದೆ. ಲ್ಯಾಟಿನ್ನಿನಲ್ಲೂ ನಮ್ಮ ಹಾಗೆ ಹ್ರಸ್ವ ದೀರ್ಘಗಳಿವೆಯಂತೆ. ಹ್ರಸ್ವವಾದರೆ ಕೆಟ್ಟದ್ದು; ಮೊದಲಕ್ಷರ ಎಳೆದರೆ ಕೆನ್ನೆ, ಇನ್ನೊಂದು ಅರ್ಥದಲ್ಲಿ ಸೇಬುಗಳು. ಓದಿ ಹೇಳಿದೆ. ಸವಿತಾ ಈಗಷ್ಟೇ ತುಂಬಿಕೊಳ್ಳುತ್ತಿದ್ದ ಮಗುವಿನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಅಂಗಾದ್ರೆ ಚೆನ್ನಾಗಿ ಎಳ್ದು ಕರಿ," ಎಂದಳು.

ಎಳೆದೆ. ಎಷ್ಟು ಎಳೆದೆನೆಂದರೆ ಮಗು ಬೆಚ್ಚಿ ಕಿರುಚಿತು, ನೆಂಟರೆಲ್ಲ ನಕ್ಕರು, ಸವಿತಾಳೂ.

ಊಟದಲ್ಲಿ ಮಹದೇವು, ಪುಟ್ಟಸ್ವಾಮಿ ಎಂಬ ನನ್ನ ಹೆಸರಿಗೆ ಆ ಭಾಷೆಗಳಲ್ಲಿ ಏನರ್ಥವೆಂದು ಕೇಳಿದ. ವಾಪಸು ಬರುವಾಗ ಬಸ್ಸಿನಲ್ಲಿ ಮೂರರಲ್ಲೂ ಹುಡುಕಿದೆ. ಎಲ್ಲೂ ಇರಲಿಲ್ಲ. ಕೆಟ್ಟದ್ದು ಎಂಬ ಅರ್ಥವಾದರೂ ಇರಬಾರದಿತ್ತೇ ಅನ್ನಿಸಿತು.