ಸುಮ್ಮನೆ ನೋಡಲು ಬಂದ ವೀಬೆ

ಮಾಂಟೆಸ್ಸೊರಿ ಟೀಚರನ್ನು ಮದುವೆಯಾದ ಗಂಡಸಿಗೆ ಅಕ್ಟೋಬರ್ ಬಂತೆಂದರೆ ಸ್ವಂತ ಮನೆಯಲ್ಲೇ ಕಾಲಿಡಲು ಜಾಗವಿರುವುದಿಲ್ಲ ಎಂಬುದು ವೀಬೆಯ ಹನ್ನೆರಡು ವರ್ಷದ ಅಳಲು. ಸ್ನಾನದ ತೊಟ್ಟಿಗೆ ಇಳಿಯಹೋದರೆ ಅಲ್ಲಿ ಆಗಲೇ ತರಗತಿಗೆಂದು ಹೆಕ್ಕಿ ತಂದ ಚೆಸ್ಟ್‌ನಟ್ ಕಾಯಿಗಳು ಜಲಕ್ರೀಡೆಯಾಡುತ್ತಿರುತ್ತವೆ. ಕಪಾಟಿನ ದಪ್ಪ ಪುಸ್ತಕ ತೆರೆದರೆ ಒಳಗಿನಿಂದ ಒಣಗಿದ ಮೇಪಲ್ ಎಲೆ ಉದುರುತ್ತದೆ. ಸೋಫಾದ ಮೇಲೆ ಮೂರು ಕುಂಬಳಕಾಯಿಗಳು ಬೀಗರ ಹಾಗೆ ಕೂತಿರುತ್ತವೆ, ಮನೆಯ ಯಜಮಾನ ನಿಂತಿರುತ್ತಾನೆ. (ಯಜಮಾನ ಎನ್ನುವುದು ಮಾತಿಗೆ. ಬಾಗಿಲಿನ ಹೆಸರು ಫಲಕದಲ್ಲೂ ಅವನ ಹೆಸರು ಕೆಳಗಿದೆ.)

ವೀಬೆ ಜುತ್‌ಫೆನ್ ಊರಿನ ನೀರು ಮಂಡಳಿಯಲ್ಲಿ ಒಡ್ಡುಗಳ ತನಿಖಾಧಿಕಾರಿ. ಎಲ್ಲಿ ನೀರು ಒಸರುತ್ತದೆ, ಎಲ್ಲಿ ಇಲಿ ಬಿಲ ತೋಡಿದೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಇಡೀ ನದಿ ಅವನ ಮಾತು ಕೇಳುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಹೆಂಡತಿ ಲೀಸ್ಬೆತ್ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಏನನ್ನೂ ಹೇಳುವುದಿಲ್ಲ.

ಆ ಭಾನುವಾರ ಗಂಡಹೆಂಡಿರು ಊರಾಚೆಯ ಕಾಡಿಗೆ ಹೋಗಿದ್ದರು. ಹೋಗಿದ್ದು ವಾಯುವಿಹಾರಕ್ಕೆ ಎಂದು ವೀಬೆ ತಿಳಿದಿದ್ದ. ಲೀಸ್ಬೆತ್ ಚೀಲದಿಂದ ಮೂರು ಖಾಲಿ ಗೋಣಿ ತೆಗೆದಾಗಲೇ ವಿಹಾರದ ಸ್ವರೂಪ ತಿಳಿದದ್ದು.

"ತೂತಿರೋ ಕಾಯಿ ಬೇಡ. ಹುಳ ಇರುತ್ತೆ," ಎಂದಳು ಲೀಸ್ಬೆತ್, ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುತ್ತ.

"ಎಲ್ಲಾ ಕಾಯೀನೂ ತಿರುಗಿಸಿ ನೋಡ್ಲಾ?"

"ಒಡ್ಡು ನೋಡೋಕೆ ಆಗುತ್ತೆ, ಕಾಯಿ ನೋಡೋಕೆ ಆಗಲ್ವಾ?"

"ನೀನೂ ಸ್ವಲ್ಪ ಕೈ ಹಾಕಿದ್ರೆ ಬೇಗ ಆಗುತ್ತಲ್ವೇನೆ?"

"ನಾನು ಕೈ ಹಾಕಿದ್ರೆ ನೀನು ಕಲಿಯೋದು ಯಾವಾಗ?" ಎಂದು ಅವಳು ಕಾಫಿ ಕುಡಿದಳು. ಮಾಂಟೆಸ್ಸೊರಿ ಪದ್ಧತಿಯಲ್ಲಿ ದೊಡ್ಡವರು ಸಹಾಯ ಮಾಡುವುದು ಮಹಾಪರಾಧ. ಈ ಪದ್ಧತಿ ಲೀಸ್ಬೆತ್‌ಗೆ ಎಷ್ಟು ಒಗ್ಗಿಹೋಗಿದೆಯೆಂದರೆ ಮನೆಯಲ್ಲಿ ಪಾತ್ರೆಗಳೂ ಅದೇ ತತ್ವದ ಮೇಲೆ ವೀಬೆಯಿಂದ ತೊಳೆಯಲ್ಪಡುತ್ತವೆ.

ಕೈ ಮರಗಟ್ಟುವ ಚಳಿ. ಒದ್ದೆ ಕೈಗವಸು ಹಾಕಿಕೊಂಡೇ ವೀಬೆ ಮೂರು ಗೋಣಿ ತುಂಬಿಸಿದ, ಮನೆಗೆ ಬಂದವನೇ ಕೈಗವಸು ಕಿತ್ತೆಸೆದು ಪಾಲಕ್ ಸೂಪ್ ಕುಡಿದು ಮಲಗಿದ. ಎಂಟು ವಾರದಿಂದ ಸೂಪೇ ಊಟ. ಬರುವ ಶನಿವಾರ ಅವರ ತಾಮ್ರ ಮದುವೆ, ಅಂದರೆ ಮದುವೆಯಾಗಿ ಹನ್ನೆರಡೂವರೆ ವರ್ಷ. (ಇಪ್ಪತ್ತೈದಕ್ಕೆ ಬೆಳ್ಳಿ ಬರುತ್ತದೆ. ಅಲ್ಲಿಯ ತನಕ ಕಾಯುವ ಧೈರ್ಯ ಸಾಲದವರು ಅರ್ಧದಾರಿಯಲ್ಲೇ ಒಂದು ಸಲ ಕೇಕ್ ತಿಂದುಬಿಡುವ ಪದ್ಧತಿ ಈ ನಾಡಿನಲ್ಲಿ ಮಾಡಿಕೊಂಡಿದ್ದಾರೆ.) ಆ ದಿನ ಅವನು ಮದುವೆಯ ಕೋಟಿನೊಳಗೆ ಹಿಡಿಸಲೇಬೇಕು ಎಂದು ಲೀಸ್ಬೆತ್ ಅಪ್ಪಣೆ ಹೊರಡಿಸಿದ್ದಳು. ಹೊಟ್ಟೆ ಕರಗಲಿಲ್ಲ. ಕರಗಿದ್ದು ಬೆರಳುಗಳು.

ಸೋಮವಾರ ಬೆಳಿಗ್ಗೆ ಮುಖ ತೊಳೆಯುವಾಗ ನೋಡುತ್ತಾನೆ, ಬೆರಳಲ್ಲಿ ಉಂಗುರವಿಲ್ಲ.

ಅದೂ ಹೋದದ್ದು ಎರಡನೆಯ ಉಂಗುರ. ಮೊದಲನೆಯದು ಆರು ವರ್ಷದ ಹಿಂದೆ, ದೋಣಿಯಲ್ಲಿ ನಿಂತು ದಡದ ಮೇಲಿದ್ದ ಅತ್ತೆಗೆ ಉತ್ಸಾಹದಿಂದ ಕೈ ಬೀಸುವಾಗ ಕಾಲುವೆ ಪಾಲಾಗಿತ್ತು. ಅತ್ತೆ ಇವತ್ತಿಗೂ ಪ್ರತಿ ಹುಟ್ಟುಹಬ್ಬದಲ್ಲಿ ಆ ಪ್ರಸಂಗವನ್ನು ಹರಿಕಥೆ ಮಾಡುತ್ತಾಳೆ. ಎರಡನೆಯದನ್ನು ತೊಡಿಸುವಾಗ ಲೀಸ್ಬೆತ್ ಹೇಳಿದ್ದಳು: "ಇದನ್ನೂ ಕಳೆದ್ರೆ ಮೂರನೇದನ್ನ ಬೆರಳಿಗೆ ಹಾಕ್ಸಲ್ಲ, ಮೂಗಿಗೆ ಹಾಕ್ಸ್ತೀನಿ."

ಹೆಂಡತಿಯನ್ನು ಕಂಡರೆ ವೀಬೆಗೆ ಭಯ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಅವಳೆಂದರೆ ಪ್ರಾಣ ಎನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಉಂಗುರದ ಒಳಮೈಯಲ್ಲಿ ಅವಳ ಹೆಸರಿತ್ತು, ಅದು ಎರಡನೇ ಸಲವೂ ಹೋಯಿತೆಂದರೆ ಅವಳು ಬೈಯುವುದಕ್ಕಿಂತ ಬೈಯದೆ ಸುಮ್ಮನಾಗಿಬಿಟ್ಟರೆ ಏನು ಗತಿ ಎಂದು ಅವನಿಗೆ ನಿಜಕ್ಕೂ ಸಂಕಟವಾಯಿತು. ಒಡ್ಡಿನ ತನಿಖಾಧಿಕಾರಿಯ ಮಿದುಳು ಚುರುಕಾಯಿತು. ಉಂಗುರ ಬಿದ್ದಿರುವುದು ಗೋಣಿಯಲ್ಲೇ. ಗೋಣಿಗಳು ಆಗಲೇ ಲೀಸ್ಬೆತ್‌ಳ ಪೆಟ್ಟಿಗೆ ಸೈಕಲ್ ಏರಿ ಶಾಲೆ ಸೇರಿದ್ದವು. ಆಫೀಸಿಗೆ ಫೋನ್ ಮಾಡಿ ಹೊಟ್ಟೆನೋವು ಎಂದ. (ಅದು ಪೂರ್ತಿ ಸುಳ್ಳೂ ಅಲ್ಲ.) ಕೋಟು ಏರಿಸಿ ಶಾಲೆಗೆ ಓಡಿದ.

"ಕ್ಲಾಸ್ ನೋಡೋಕೆ ಬಂದೆ," ಎಂದ ಬಾಗಿಲಲ್ಲಿ.

ತಾಯ್ತಂದೆಯರು ಬಂದು ಮಕ್ಕಳ ಕೆಲಸ ನೋಡಿಹೋಗುವುದು ಅಲ್ಲಿ ಇದ್ದದ್ದೇ. ಆದರೆ ವೀಬೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಆಸೆ ತೋರಿದವನಲ್ಲ. ಲೀಸ್ಬೆತ್ ಒಂದು ಗಳಿಗೆ ಅವನ ಮುಖ ನೋಡಿದಳು, ಆಮೇಲೆ ಅವನ ಕೈ ನೋಡಿದಳು. ಕೈ ಕೋಟಿನ ಜೇಬಿನಲ್ಲಿತ್ತು.

"ಬಾ. ಅಲ್ಲಿ ಕೂತ್ಕೋ. ಮಾತಾಡಬಾರದು, ಸಹಾಯ ಮಾಡಬಾರದು, ಹೊಗಳಬಾರದು. ಕೆಲಸ ಮಾಡ್ತಿರೋ ಮಗೂನ ಮಧ್ಯೆ ತಡೀಬಾರದು. ಏನಾದ್ರೂ ಹೇಳೋದಿದ್ರೆ ನನ್ನ ಹೆಗಲ ಮೇಲೆ ಕೈಯಿಟ್ಟು ಕಾಯಬೇಕು."

"ಏನೂ ಹೇಳೋದಿಲ್ಲ," ಎಂದ ವೀಬೆ.

ನೋಡುಗರ ಕುರ್ಚಿ ನಾಲ್ಕು ವರ್ಷದವರ ಅಳತೆಯದು. ಕೂತರೆ ಮೊಣಕಾಲು ಗಲ್ಲಕ್ಕೆ ತಾಗಿತು. ಸುತ್ತ ಇಪ್ಪತ್ತಾರು ಮಕ್ಕಳು ಸರ್ಕಾರಿ ದಫ್ತರದಲ್ಲೂ ಕಾಣದ ಶ್ರದ್ಧೆಯಿಂದ ದುಡಿಯುತ್ತಿದ್ದರು. ಒಬ್ಬ ಎಲೆಗಳನ್ನು ಒಂದೊಂದಾಗಿ ಸೋಪು ಹಾಕಿ ತೊಳೆದು ಒರೆಸುತ್ತಿದ್ದ. ಇಬ್ಬರು ಸೇಬು ಹೆಚ್ಚುತ್ತಿದ್ದರು. ಒಬ್ಬಳು ಕುಂಬಳಬೀಜ ಎಣಿಸುತ್ತ ಹದಿನಾಲ್ಕಕ್ಕೆ ಬಂದು ಸಮಾಧಾನವಾಗದೆ ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಕಿಟಕಿಯ ಬಳಿಯ ಕಪಾಟಿನಲ್ಲಿ ಚೆಸ್ಟ್‌ನಟ್ ಬುಟ್ಟಿ ಕಾಣಿಸಿತು. ವೀಬೆ ಎದ್ದು ಅತ್ತ ಎರಡು ಹೆಜ್ಜೆ ಇಟ್ಟ. ಅಷ್ಟರಲ್ಲಿ ಒಂದು ಪುಟ್ಟ ಜಡೆ ಅವನ ಮುಂದೆಯೇ ಹಾದುಹೋಗಿ ಬುಟ್ಟಿಯನ್ನು ಎತ್ತಿಕೊಂಡಿತು.

ಅವಳು ಫೆನ್ನ, ಪಕ್ಕದ ಮನೆಯ ಹುಡುಗಿ, ವಯಸ್ಸು ನಾಲ್ಕೂವರೆ. ನೆಲದ ಮೇಲೆ ಚಾಪೆ ಬಿಚ್ಚಿದಳು. ಅದರ ಸುಕ್ಕು ನಾಲ್ಕೂ ಕಡೆ ಸವರಿದಳು. ಬುಟ್ಟಿ ಇಟ್ಟು, ಎರಡು ಬಟ್ಟಲಿಟ್ಟು, ಇಕ್ಕಳ ಹಿಡಿದಳು. ಮರದಿಂದ ಬಿದ್ದದ್ದು ಎಡ ಬಟ್ಟಲಿಗೆ, ಮನುಷ್ಯ ಮಾಡಿದ್ದು ಬಲ ಬಟ್ಟಲಿಗೆ, ಇದು ಕೆಲಸ. ಚೆಸ್ಟ್‌ನಟ್ ಎಡಕ್ಕೆ. ಓಕ್ ಕಾಯಿ ಎಡಕ್ಕೆ. ಅಂಗಿಯ ಗುಂಡಿ ಬಲಕ್ಕೆ. ಸೀಸೆಯ ಬಿರಡೆ ಮಾತ್ರ ಇಕ್ಕಳದ ತುದಿಯಲ್ಲೇ ಬಹಳ ಹೊತ್ತು ನಿಂತಿತು, ಅದು ಮರದ್ದೋ ಮನುಷ್ಯನದ್ದೋ ಎಂದು ಫೆನ್ನ ಆಳವಾಗಿ ಚಿಂತಿಸಿದಳು. ಆಮೇಲೆ ಕಾಯಿಗಳ ಅಡಿಯಿಂದ, ಮಣ್ಣು ಮೆತ್ತಿದಂತೆ ಮಂಕಾಗಿದ್ದ ಒಂದು ಉಂಗುರ ಮೇಲೆ ಬಂತು.

ವೀಬೆಗೆ ಹೋದ ಜೀವ ಬಂದ ಹಾಗಾಯಿತು. ಬಂದ ಜೀವ ಅಲ್ಲೇ ಸಿಕ್ಕಿಕೊಂಡಿತು, ಯಾಕೆಂದರೆ ಫೆನ್ನ ಉಂಗುರವನ್ನು ಬಲ ಬಟ್ಟಲಿಗೆ ಹಾಕಿ, ಎಲ್ಲವನ್ನೂ ಮತ್ತೆ ಬುಟ್ಟಿಗೆ ಸುರಿದು, ಮೊದಲಿನಿಂದ ಆರಂಭಿಸಿದಳು.

ಎರಡನೇ ಸಲ. ಮೂರನೇ ಸಲ. ಪ್ರತಿ ಸಲವೂ ಬಿರಡೆಯ ಹತ್ತಿರ ತತ್ವಚಿಂತನೆ. ಐದನೇ ಸಲಕ್ಕೆ ವೀಬೆ ಬೂಟಿನ ದಾರ ಕಟ್ಟುವವನಂತೆ ಬಗ್ಗಿ ಬೆರಳುಗಳನ್ನು ಚಾಪೆಯ ಅಂಚಿನತ್ತ ನಡೆಸಿದ.

"ನಾನಿನ್ನೂ ಕೆಲಸ ಮಾಡ್ತಾ ಇದೀನಿ, ವೀಬೆ ಮಾಮ," ಎಂದಳು ಫೆನ್ನ, ತಲೆ ಎತ್ತದೆ.

ಬೆರಳುಗಳು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿದವು. ಏಳನೇ ಸಲಕ್ಕೆ ಒಂದು ಚೆಸ್ಟ್‌ನಟ್ ಉರುಳಿ ಅವನ ಕುರ್ಚಿಯ ಕೆಳಗೆ ಬಂತು. ಫೆನ್ನ ಅವನನ್ನೇ ನೋಡಿದಳು.

"ಅದನ್ನ ಕೊಡ್ತೀರಾ?"

ಕೊಡಬಹುದಿತ್ತು. ಆದರೆ ಎದುರಿನಿಂದ ಲೀಸ್ಬೆತ್ ಹುಬ್ಬೇರಿಸಿ ನೋಡುತ್ತಿದ್ದಳು. ವೀಬೆಗೆ ಪಾಠ ಒಪ್ಪಿಸುವ ಹುಮ್ಮಸ್ಸು ಬಂತು.

"ನಾನು ಬರೀ ನೋಡೋಕೆ ಬಂದಿದೀನಮ್ಮ," ಎಂದ ಗಂಭೀರವಾಗಿ.

ಫೆನ್ನ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡವಳಂತೆ ತಲೆಯಾಡಿಸಿ, ಹೊಟ್ಟೆಯ ಮೇಲೆ ತೆವಳಿ ಕಾಯಿಯನ್ನು ತಾನೇ ತೆಗೆದುಕೊಂಡಳು. ಹನ್ನೊಂದನೇ ಸಲ ಮುಗಿದಾಗ ಉಂಗುರವನ್ನು ಬೆಳಕಿಗೆ ಹಿಡಿದು, ಕೊಳೆಯಾಗಿದೆ ಎಂದು ತೀರ್ಮಾನಿಸಿ, ಪಾಲಿಶ್ ಮಾಡುವ ಮೇಜಿಗೆ ಒಯ್ದಳು. ಅಲ್ಲಿ ಹತ್ತಿ, ಉಜ್ಜುವ ಪುಡಿ, ಬ್ರಷ್ಷು, ಬಟ್ಟೆ. ಅರ್ಧ ಗಂಟೆ ಉಜ್ಜಿದಳು. ನೀರು ಮಂಡಳಿಯಲ್ಲಿ ಇಂಥ ಇಬ್ಬರಿದ್ದರೆ ಸಮುದ್ರವನ್ನೇ ಹಿಂದಕ್ಕೆ ಕಳಿಸಬಹುದಿತ್ತು ಎಂದು ವೀಬೆಗೆ ತೋರಿತು.

ಹತ್ತು ಗಂಟೆಗೆ ಹಣ್ಣು ತಿನ್ನುವ ಹೊತ್ತು. ಫೆನ್ನ ಉಂಗುರವನ್ನು ಬುಟ್ಟಿಗೆ, ಬುಟ್ಟಿಯನ್ನು ಕಪಾಟಿಗೆ ಸೇರಿಸಿ ಕೈ ತೊಳೆಯಲು ಹೋದಳು. ವೀಬೆ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಉಂಗುರ ಎತ್ತಿ ಬೆರಳಿಗೆ ತುರುಕಿದ. ತುಸು ಬಿಗಿಯಾಯಿತು. ಭಾನುವಾರದ ಕೊನೆಯ ಬಿಸ್ಕತ್ತು ತಿನ್ನಬಾರದಿತ್ತು ಎಂದುಕೊಂಡ. ತುರುಕುವ ಮುಂಚೆ ಒಳಮೈ ನೋಡಿದ್ದ. ಲೀಸ್ಬೆತ್‌ಳ ಹೆಸರಿರಲಿಲ್ಲ. ಆ ಪುಟ್ಟ ರಾಕ್ಷಸಿ ಉಜ್ಜಿ ಉಜ್ಜಿ ಹೆಸರನ್ನೇ ಅಳಿಸಿಹಾಕಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಹೆಸರು ಹೋದರೆ ಹೋಗಲಿ, ಹೆಂಡತಿ ಉಳಿದಳಲ್ಲ.

ಬಾಗಿಲಲ್ಲಿ ಲೀಸ್ಬೆತ್ ಕೇಳಿದಳು: "ಏನು ಕಲಿತೆ?"

"ಮಧ್ಯೆ ಕೈ ಹಾಕಬಾರದು ಅಂತ."

"ಬೇರೇನೂ ಹೇಳೋದಿಲ್ವಾ?"

"ಬೇರೇನಿರುತ್ತೆ?" ಎಂದು ವೀಬೆ ಈಗ ಕೈಯನ್ನು ಜೇಬಿನಿಂದ ತೆಗೆದು, ಉಂಗುರ ಕಾಣುವ ಹಾಗೆ ಟಾಟಾ ಮಾಡಿದ. ಲೀಸ್ಬೆತ್‌ಳ ಮುಖ ಒಂದು ಕ್ಷಣ ವಿಚಿತ್ರವಾಯಿತು. ಬಹುಶಃ ಹೆಮ್ಮೆಯಿಂದ ಎಂದುಕೊಂಡ.

ಬುಧವಾರ ಸೂಪಿನ ಮುಂದೆ ಕೂತಾಗ ಅವಳು ಅಂದಳು: "ಕ್ಲಾಸಲ್ಲಿ ಒಂದು ವಸ್ತು ಕಾಣೆಯಾಗಿದೆ. ಮಕ್ಕಳು ಹುಡುಕ್ತಾ ಇದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ವೀಬೆ ಬೆರಳು ಮುಟ್ಟಿಕೊಂಡ. "ಏನು ವಸ್ತು?"

"ಸಿಗುತ್ತೆ ಬಿಡು. ನಿನಗೇನಾದ್ರೂ ಹೇಳೋದಿತ್ತಾ?"

"ಉಪ್ಪು ಕಡಿಮೆಯಾಗಿದೆ," ಎಂದ ವೀಬೆ.

ಶುಕ್ರವಾರ ಬೆರಳು ಹಸಿರಾಗಿತ್ತು. ಎಂಟು ವಾರ ಪಾಲಕ್ ಕುಡಿಸಿದರೆ ಮನುಷ್ಯ ಇನ್ನಾವ ಬಣ್ಣಕ್ಕೆ ತಿರುಗಬೇಕು ಎಂದು ಅವನು ಅದನ್ನೂ ಲೀಸ್ಬೆತ್‌ಳ ತಲೆಗೇ ಕಟ್ಟಿದ.

ಶನಿವಾರ ಬಂತು. ಕುಂಬಳಕಾಯಿಗಳನ್ನು ಸೋಫಾದಿಂದ ಎಬ್ಬಿಸಿ ನೆಂಟರನ್ನು ಕೂರಿಸಲಾಯಿತು. ಕುರ್ಚಿಗಳನ್ನು ದುಂಡಗೆ ಹಾಕಿ, ಎಲ್ಲರೂ ಮಡಿಲಲ್ಲಿ ಕೇಕಿನ ತಟ್ಟೆ ಇಟ್ಟುಕೊಂಡು, ಒಬ್ಬರನ್ನೊಬ್ಬರು ಅಭಿನಂದಿಸಿ, ಮಳೆಯ ಬಗ್ಗೆ ಮಾತಾಡುತ್ತಿದ್ದರು. ನಟ್ಟ ನಡುವೆ ವೀಬೆ ಮದುವೆಯ ಕೋಟಿನೊಳಗೆ ಉಸಿರು ಬಿಗಿಹಿಡಿದು ನಿಂತಿದ್ದ. ಅತ್ತೆ ಕಾಲುವೆಯ ಹರಿಕಥೆಗೆ ಆಗಲೇ ಪೀಠಿಕೆ ಹಾಕಿದ್ದಳು.

"ಅಳಿಯಂದ್ರೇ, ಎರಡನೇದಾದ್ರೂ ಭದ್ರವಾಗಿದೆ ತಾನೇ?"

"ನೋಡಿ ಅತ್ತೆ," ಎಂದು ವೀಬೆ ವಿಜಯಸ್ತಂಭದಂತೆ ಕೈ ಎತ್ತಿದ.

ಅಮ್ಮನ ಜೊತೆ ಬಂದಿದ್ದ ಫೆನ್ನ ಕೇಕ್ ಕೆಳಗಿಟ್ಟು ಎದ್ದು ಬಂದಳು. ವೀಬೆಯ ಹತ್ತಿರ ನಿಂತು, ಎಟಕುವಷ್ಟು ಎತ್ತರಕ್ಕೆ, ಅವನ ಮೊಣಕೈ ಮೇಲೆ ಕೈಯಿಟ್ಟು ಕಾದಳು. ಅವನು ಬಗ್ಗಿದ.

"ಇದು ನಮ್ಮ ಬುಟ್ಟೀದು," ಎಂದಳು ಸ್ಪಷ್ಟವಾಗಿ. "ಕಿಟಕಿ ಪರದೆ ನೇತುಹಾಕೋ ಹಿತ್ತಾಳೆ ಬಳೆ. ಕೆಲಸ ಆದ್ಮೇಲೆ ತಗೊಂಡಿದ್ದ ಜಾಗದಲ್ಲೇ ಇಡಬೇಕು. ನಾನು ಎಷ್ಟು ದಿನದಿಂದ ಹುಡುಕ್ತಾ ಇದೀನಿ."

ಮಳೆಯ ಮಾತು ನಿಂತಿತು. ಅತ್ತೆ ಕನ್ನಡಕ ಏರಿಸಿದಳು. "ಬೆರಳು ಯಾಕೆ ಹಸಿರಾಗಿದೆ?"

"ತಾಮ್ರ ಮದುವೆ ಅಲ್ವಾ ಅತ್ತೆ," ಎಂದ ವೀಬೆ. ಯಾರೂ ನಗಲಿಲ್ಲ.

ಲೀಸ್ಬೆತ್ ಒಳಗೆ ಹೋಗಿ ಒಂದು ಚಿಕ್ಕ ಟ್ರೇ ತಂದಳು. ಟ್ರೇಯಲ್ಲಿ ಮಡಿಸಿದ ಬಟ್ಟೆ, ಬಟ್ಟೆಯ ಮೇಲೆ ಅವನ ಉಂಗುರ.

"ಭಾನುವಾರ ಸಂಜೆ ನಿನ್ನ ಕೈಗವಸು ಒಣಗೋಕೆ ಹಾಕಿದಾಗ ಒಳಗಿತ್ತು."

"ಭಾನುವಾರಾನೇ ಸಿಕ್ತಾ? ಮತ್ತೆ ಹೇಳೋದಲ್ವೇನೆ?"

"ತಪ್ಪನ್ನ ನಾವು ಎತ್ತಿ ತೋರಿಸಬಾರದು. ಅವರೇ ಕಂಡ್ಕೊಳ್ಳೋ ತನಕ ಕಾಯಬೇಕು. ನಾಲ್ಕು ವರ್ಷದವರಿಗೆ ಹತ್ತು ನಿಮಿಷ ಸಾಕು. ನಿನಗೆ ಆರು ದಿನ ಕೊಟ್ಟೆ." ಅವಳ ದನಿ ಸಣ್ಣದಾಯಿತು. "ಕಳೆದುಹೋಯ್ತು ಕಣೇ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು, ವೀಬೆ."

"ನಿನಗೆ ಬೇಜಾರಾಗುತ್ತೆ ಅಂತ..."

"ಉಂಗುರ ಕಳೆದಿದ್ದಕ್ಕೆ ಬೇಜಾರಾಗ್ಲಿಲ್ಲ. ಐದು ದಿನ ಪರದೆ ಬಳೆ ಹಾಕ್ಕೊಂಡು ಓಡಾಡಿದೆಯಲ್ಲ, ವ್ಯತ್ಯಾಸಾನೇ ಗೊತ್ತಾಗ್ಲಿಲ್ವಲ್ಲ, ಅದಕ್ಕೆ ಆಯ್ತು."

ಹನ್ನೆರಡೂವರೆ ವರ್ಷದಲ್ಲಿ ವೀಬೆಗೆ ಇಷ್ಟು ನಾಚಿಕೆಯಾದದ್ದು ಇದೇ ಮೊದಲು. ನೆಂಟರ ಮುಂದೆ ನಾಚಿಕೆ ಒಂದು ಪಾಲು, ಅವಳ ಮುಂದೆ ಮೂರು ಪಾಲು. "ತಪ್ಪಾಯ್ತು ಕಣೇ. ನಿನ್ನ ಹೆಸರು ಅಳಿಸಿಹೋಗಿದೆ ಅಂತ ದಿನಾ ಹೊಟ್ಟೆ ಉರೀತಿತ್ತು," ಎಂದ. ಅದು ನಿಜವೂ ಆಗಿತ್ತು. ಲೀಸ್ಬೆತ್‌ಳ ತುಟಿಯ ಒಂದು ಮೂಲೆ ಸಡಿಲವಾಯಿತು.

"ಸರಿ. ಅದನ್ನ ತೆಗೆದು ಇದನ್ನ ಹಾಕ್ಕೋ."

ವೀಬೆ ಬಳೆಯನ್ನು ಎಳೆದ. ಬರಲಿಲ್ಲ. ತಿರುಗಿಸಿದ. ಬರಲಿಲ್ಲ. ಬೆಳಗಿನಿಂದ ತಿಂದ ಮೂರು ತುಂಡು ಕೇಕ್ ನೆಟ್ಟಗೆ ಆ ಒಂದೇ ಬೆರಳಿಗೆ ಇಳಿದಂತಿತ್ತು. ಫೆನ್ನಳ ಅಮ್ಮ ಪಾಪ ಎಂದು ಎದ್ದಳು. ಲೀಸ್ಬೆತ್ ಬೆರಳೆತ್ತಿ ಅವಳನ್ನು ಕೂರಿಸಿದಳು. ಅತ್ತೆ ಕುರ್ಚಿಯನ್ನು ಇನ್ನೊಂದು ಗೇಣು ಮುಂದಕ್ಕೆ ಎಳೆದುಕೊಂಡಳು. ದುಂಡಗೆ ಕೂತ ಹದಿನೆಂಟು ಜನ ಕೇಕಿನ ಚಮಚ ಹಿಡಿದು, ಮಾತಾಡದೆ, ಸಹಾಯ ಮಾಡದೆ, ಹೊಗಳದೆ ನೋಡತೊಡಗಿದರು. ಮದುವೆಯ ಕೋಟಿನ ಒಂದು ಗುಂಡಿ ಕಿತ್ತು ಉರುಳಿ ಫೆನ್ನಳ ಕಾಲ ಬಳಿ ನಿಂತಿತು.

"ಫೆನ್ನ, ಪುಟ್ಟಾ, ಅಡುಗೆಮನೆಯಿಂದ ಸ್ವಲ್ಪ ಸೋಪು ತಂದುಕೊಡ್ತೀಯಾ?" ಎಂದ ವೀಬೆ ಬೆವರುತ್ತ.

ಫೆನ್ನ ತನ್ನ ಕುರ್ಚಿಗೆ ಹೋಗಿ, ಲಂಗ ಸರಿಮಾಡಿಕೊಂಡು, ಕೈಕಟ್ಟಿ ಕೂತಳು.

"ನಾನು ಬರೀ ನೋಡೋಕೆ ಬಂದಿದೀನಿ, ವೀಬೆ ಮಾಮ," ಎಂದಳು.