ನೊರೆ ಹಚ್ಚಿದ ಬಾಯಿ

ಈ ಮಾತನ್ನು ಹೇಳಿಬಿಡಬೇಕೆಂದು ಇಪ್ಪತ್ತೈದು-ಮೂವತ್ತು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಯುಗಾದಿಗೆ ಹೇಳೋಣವೆಂದರೆ ಬೆಲ್ಲ ಹಂಚುವ ದಿನ ಬರೀ ಬೇವು ಯಾಕೆ ಅನ್ನಿಸುತ್ತಿತ್ತು. ದಸರೆಯಲ್ಲಿ ಬನ್ನಿ ಕೊಡುವಾಗ ಹೇಳೋಣವೆಂದರೆ, ಬಂಗಾರದಂತೆ ಇರೋಣ ಎಂದ ಬಾಯಲ್ಲೇ ಇದೂ ಬರಬೇಕೇ ಅನ್ನಿಸುತ್ತಿತ್ತು. ತಪ್ಪೊಪ್ಪಿಗೆಗೆ ಪಂಚಾಂಗದಲ್ಲಿ ಮುಹೂರ್ತವೇ ಇಲ್ಲ ಎಂಬುದು ನನ್ನ ಅನುಭವ. ವಿಷಯವೇನೋ ದೊಡ್ಡದಲ್ಲ, ನನ್ನ ಗಡ್ಡದ್ದು.

ನಾನು ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟೂಲ್ ಸ್ಟೋರಿನ ಕೀಲಿಕೈ ಹಿಡಿದು ಇಪ್ಪತ್ತೆಂಟು ವರ್ಷ ಕೂತವನು. ಓದಿದ್ದು ಹೈಸ್ಕೂಲು; ಆದರೆ ಕಬ್ಬಿಣ ಕೊರೆಯುವ ಟೂಲುಗಳ ವಿಷಯದಲ್ಲಿ ನನ್ನದೇ ಕೊನೆಯ ಮಾತು. ಲೇತ್ ಯಂತ್ರದ ಮುಂದೆ ಹೊಸದಾಗಿ ನಿಂತವರಿಗೆಲ್ಲ ದಿನಾ ಒಂದೇ ಉಪದೇಶ ಮಾಡುತ್ತಿದ್ದೆ: ತಂಪು ಮಾಡುವ ಕೂಲಂಟ್ ನೀರು ಬಿಡದೆ ಟೂಲ್ ಹಚ್ಚಬೇಡಿ, ಒತ್ತಬೇಡಿ, ಕಬ್ಬಿಣಕ್ಕೂ ಉರಿಯಾಗುತ್ತದೆ. ಇದರಿಂದ ನನಗೆ ‘ಕೂಲಂಟ್ ಮಾಸ್ತರ’ ಎಂಬ ಬಿರುದೂ ಸಿಕ್ಕಿತ್ತು. ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರನ್ನು ನಾನು ಬಿರುದೆಂದೇ ತಿಳಿದಿದ್ದೆ.

ನಮ್ಮ ಮನೆತನದ ಗಂಡಸರು ಶ್ರಾವಣ ಮಾಸವಿಡೀ ಗಡ್ಡಕ್ಕೆ ಅಲಗು ತಾಗಿಸುವುದಿಲ್ಲ. ಶ್ರಾವಣ ಮುಗಿದ ಮೊದಲ ದಿನ ಕೆಲಗೇರಿಯ ಕ್ಷೌರದ ಅಂಗಡಿಯ ಮುಂದೆ ತಿಂಗಳ ಗಡ್ಡ ಹೊತ್ತ ಸಂಸಾರಸ್ಥ ಸನ್ಯಾಸಿಗಳ ಸಾಲು. ತೊಂಬತ್ತರ ದಶಕದ ಒಂದು ವರ್ಷ ಆ ಸಾಲಿನಲ್ಲಿ ನಾನು ಹದಿನಾಲ್ಕನೆಯವನಾಗಿದ್ದೆ. ಅಂಗಡಿಯವರನ್ನು ಸಣ್ಣವರು, ದೊಡ್ಡವರು ಎಲ್ಲರೂ ‘ಕಾಕಾ’ ಎನ್ನುತ್ತಿದ್ದರು. ಅದೇ ವಾರ ಪುಣೆಯಿಂದ ಬಂದಿದ್ದ ಅಕ್ಕನ ಮಗ ನನಗೆ ಎರಡು ಅಲಗಿನ ಹೊಸ ರೇಜರ್ ಕೊಟ್ಟಿದ್ದ. ಅದು ನೆನಪಾಗಿದ್ದೇ ತಡ, ಇನ್ನು ಮೇಲೆ ನನಗೆ ಯಾರ ಕುರ್ಚಿಯೂ ಬೇಕಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಸಾರಿ, ಎದ್ದು ಹೊರಟೆ. ಕಾಕಾ ಯಾರದೋ ಗಲ್ಲ ಹಿಡಿದುಕೊಂಡೇ ಹೇಳಿದರು: “ಸಾಹೇಬ್ರ, ತಿಂಗಳ ಗಡ್ಡ ಐತಿ. ಮೊದಲ ಕತ್ತರೀಲೆ ಸಣ್ಣ ಮಾಡ್ಕೋರಿ. ಬಿಸಿನೀರಾಗ ನೆನೀಲಿ. ಕೂದಲಾ ಹೊಂಟ ಕಡೀಗೇ ಎಳೀರಿ, ಎದುರ ಹೋಗಬ್ಯಾಡ್ರಿ.”

ನಾನು ತಿರುಗಿಯೂ ನೋಡಲಿಲ್ಲ. ಟೂಲುಗಳನ್ನು ಆಳುವವನಿಗೆ ಇವರ ಪಾಠವೇ!

ಮನೆಗೆ ಬಂದು ತಣ್ಣೀರು ಚಿಮುಕಿಸಿ, ಮೈಗೆ ಹಚ್ಚುವ ಸೋಪನ್ನೇ ಎರಡು ಸಲ ತಿಕ್ಕಿ, ಕೆಳಗಿನಿಂದ ಮೇಲಕ್ಕೆ ಎಳೆದೆ. ಎರಡು ಅಲಗಿನ ನಡುವೆ ಕೂದಲು ಸಿಕ್ಕಿಕೊಂಡು ರೇಜರ್ ಮುಂದೆ ಹೋಗದು. ಒತ್ತಿದೆ. ಒತ್ತಿದಲ್ಲೇ ಮತ್ತೆ ಒತ್ತಿದೆ. ಅಂತೂ ಗಲ್ಲ ನುಣ್ಣಗಾಯಿತೆಂದು ಕೈಯಾಡಿಸಿ ಖುಷಿಪಟ್ಟು, ಮೇಲೆ ಸ್ಪಿರಿಟ್ಟಿನ ವಾಸನೆಯ ಲೋಷನ್ ಬಡಿದುಕೊಂಡೆ. ಆಮೇಲೆ ಹಿತ್ತಿಲಲ್ಲಿ ಮೂರು ಸುತ್ತು ಓಡಿದೆನಂತೆ. ನನಗೆ ನೆನಪಿರುವುದು ಒಂದೇ ಸುತ್ತು. ಸಂಜೆಯ ಹೊತ್ತಿಗೆ ಗಲ್ಲ, ಕೊರಳ ತುಂಬ ಕೆಂಪು ಗುಳ್ಳೆ. ನನ್ನಾಕೆ ಹತ್ತಿರ ಬಂದು ನೋಡಿ, “ಅಲ್ರೀ, ನಿಮ್ಮ ಮಾರಿ ಮ್ಯಾಲೆ ಯಾರರೆ ಮೆಣಸಿನಕಾಯಿ ಒಣಗ ಹಾಕ್ಯಾರೇನು?” ಎಂದಳು.

ಮರುದಿನ ಕಾರ್ಖಾನೆಯ ಗೇಟಿನಲ್ಲೇ ಲೇತಿನವರು ಸುತ್ತುಗಟ್ಟಿದರು. ಒಬ್ಬ ಬಹಳ ವಿನಯದಿಂದ, “ಮಾಸ್ತರ, ಕೂಲಂಟ್ ಬಿಟ್ಟಿರಲಿಲ್ಲೇನ್ರಿ?” ಎಂದ. ಎಲ್ಲರೂ ನಕ್ಕರು. ಆ ನಗು ನಿಲ್ಲಿಸಬೇಕಾಗಿತ್ತು ನನಗೆ.

“ನಾ ಮಾಡ್ಕೊಂಡಿದ್ದಲ್ಲೋ. ಕಾಕಾನ ಅಂಗಡ್ಯಾಗ ಹಳೇ ಬ್ಲೇಡ್ ಹಚ್ಯಾರ,” ಎಂದುಬಿಟ್ಟೆ. ಹಿಂದಿನ ದಿನದ ಸಾಲಿನಲ್ಲಿ ಅವರ್ಯಾರೂ ಇರಲಿಲ್ಲ.

ಹಳೆಯ ಬ್ಲೇಡಿನಿಂದ ರೋಗ ಬರುತ್ತದೆಂದು ಗೋಡೆಗಳ ಮೇಲೆಲ್ಲ ಬರೆಸುತ್ತಿದ್ದ ಕಾಲ ಅದು. ನಗು ತಟ್ಟನೆ ನಿಂತಿತು. ಅದರ ಜೊತೆಗೆ ನಮ್ಮ ಕಾರ್ಖಾನೆಯವರು ಕಾಕಾನ ಅಂಗಡಿ ಹತ್ತುವುದೂ ನಿಂತಿತು.

ನಾಲ್ಕು ದಿನವಾದರೂ ನನ್ನ ಉರಿ ಇಳಿಯಲಿಲ್ಲ. ಕೊನೆಗೆ ಹೆಂಡತಿಯ ಬಾಯಿಗೆ ಹೆದರಿ ಅದೇ ಅಂಗಡಿಗೆ ಹೋದೆ. ಕಾಕಾ ನನ್ನ ಗದ್ದವನ್ನು ಬೆಳಕಿಗೆ ಎತ್ತಿ, “ಎದುರ ಎಳದೀರಿ,” ಎಂದರು, ಅಷ್ಟೇ. ಎಂಟು ದಿನ ಅಲಗು ಮುಟ್ಟಬೇಡಿ, ಎರಡೂ ಹೊತ್ತು ತಣ್ಣನೆಯ ಒದ್ದೆ ಬಟ್ಟೆ ಇಡಿ, ಕೈಯಿಂದ ಕೆರೆಯಬೇಡಿ ಎಂದು ಕಳಿಸಿದರು. ಒಂಬತ್ತನೆಯ ದಿನ ಕುರ್ಚಿಯಲ್ಲಿ ಕೂರಿಸಿ, ಬಿಸಿನೀರಿನ ಬಟ್ಟೆ ಹಾಕಿ, ಬ್ರಶ್ಶಿನಿಂದ ದಪ್ಪಗೆ ನೊರೆ ಹಚ್ಚಿ, ತಾವು ಅರ್ಧ ಕಪ್ ಚಹಾ ಕುಡಿಯುವಷ್ಟು ಹೊತ್ತು ನೆನೆಯಲು ಬಿಟ್ಟರು. ಆಮೇಲೆ ಹಗುರ ಕೈಯಿಂದ ಕೂದಲ ದಿಕ್ಕಿಗೇ ಎಳೆದರು. ಎಳೆಯುತ್ತ ಹೇಳಿದರು: “ನಿಮ್ಮ ಫ್ಯಾಕ್ಟರಿಯವ್ರು ಯಾಕೋ ಈ ಕಡೆ ಹಾಯವಲ್ರು ನೋಡ್ರಿ. ನನ್ನ ಕೈಯಾಗ ಏನ ತಪ್ಪಾತೋ ಏನೋ.”

ನಾನು ಹೇಳಲೆಂದೇ ಬಾಯಿ ತೆರೆದೆ. “ಅಲ್ಲಾಡಬ್ಯಾಡ್ರಿ,” ಎಂದು ಮೂಗು ಹಿಡಿದೆತ್ತಿ ಮೇಲ್ತುಟಿಗೆ ಬಂದರು.

ನನ್ನ ಗಲ್ಲ ಹೊಳೆಯತೊಡಗಿದ ಮೇಲೆ ಕಾರ್ಖಾನೆಯಲ್ಲಿ ಎಲ್ಲರೂ ಗುಟ್ಟು ಕೇಳಿದರು. ಖರೇ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇತ್ತೇ? ನಾನು ಹೇಳಿದ್ದು, ಕಾಕಾ ಈಗ ಹೊಸ ಬ್ಲೇಡ್ ಹಚ್ಚಲು ಶುರು ಮಾಡಿದ್ದಾರೆ ಎಂದು. ಒಂದು ಸುಳ್ಳು ಓಡಿಸಿದ ಗಿರಾಕಿಗಳನ್ನು ಇನ್ನೊಂದು ಸುಳ್ಳು ಒಬ್ಬೊಬ್ಬರಾಗಿ ವಾಪಸು ತಂದಿತು. ಬಂದವರು ನನ್ನ ಮಾತನ್ನು ಕಾಕಾನಿಗೆ ಹೇಳದೆ ನುಂಗಿಕೊಳ್ಳುತ್ತಾರೆಯೇ? ಮುಂದಿನ ಸಲ ನಾನು ಕೂತಾಗ ಕಾಕಾ ಬ್ಲೇಡನ್ನು ನನ್ನ ಕಣ್ಣ ಹತ್ತಿರ ತಂದು, ಅದರ ಕಾಗದವನ್ನು ನಿಧಾನವಾಗಿ ಹರಿದು, “ಹೊಸಾದರಿ ಸಾಹೇಬ್ರ, ನೋಡ್ಕೋರಿ,” ಎಂದರು. ಹೊಸ ಬ್ಲೇಡನ್ನು ಅವರು ಮೊದಲಿನಿಂದಲೂ ಎಲ್ಲರಿಗೂ ಹಾಕುತ್ತಿದ್ದರು. ಹೀಗೆ ತೋರಿಸುವುದು ಮಾತ್ರ ನನಗೊಬ್ಬನಿಗೇ. ಮುಖದಲ್ಲಿ ಸಿಟ್ಟಿರಲಿಲ್ಲ, ಮೀಸೆಯ ತುದಿಯಲ್ಲಿ ಸಣ್ಣ ನಗು ಇತ್ತು. ಆ ನಗುವಿನ ಕೆಳಗೆ ಕೊರಳು ಒಡ್ಡಿಕೊಂಡು ಎಷ್ಟೋ ವರ್ಷ ಕೂತೆ. ನೊರೆ ಹಚ್ಚಿದ ಬಾಯಿ ಕ್ಷಮೆ ಕೇಳಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಂಗಳವಾರ ಅಂಗಡಿಗೆ ರಜೆ. ಅವರ ಕೈಯಲ್ಲಿ ಬ್ಲೇಡ್ ಇಲ್ಲ, ನನ್ನ ಬಾಯಿಗೆ ನೊರೆ ಇಲ್ಲ. ಅಂದು ಅವರು ಊರ ಕೆರೆಯ ಕಡೆ ಬರುತ್ತಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ಅವರು ಅಂಗಡಿ ಮುಚ್ಚಿ ಉಪ್ಪಿನಬೆಟಗೇರಿಯ ಮಗಳ ಮನೆ ಸೇರಿ ಎರಡು ವರ್ಷವಾಯಿತು. ಹೋದ ತಿಂಗಳು, ಮಂಗಳವಾರವೇ ನೋಡಿ, ಬಸ್ ಹತ್ತಿದೆ. ನೆಪ ಉಳಿಯಬಾರದೆಂದು ಬೆಳಿಗ್ಗೆ ಮನೆಯಲ್ಲೇ ಅವರು ಕಲಿಸಿದ ಹಾಗೆ ನೆನೆಸಿ, ಸಾವಕಾಶ ಗಡ್ಡ ಮಾಡಿಕೊಂಡಿದ್ದೆ. ದಾರಿಯುದ್ದಕ್ಕೂ ಮಾತು ಉರುಹೊಡೆದೆ. ಕಾಕಾ ನನ್ನನ್ನು ಕಂಡು ಹಿಗ್ಗಿ, ಕಟ್ಟೆಯ ಮೇಲೆ ಕೂರಿಸಿ, ದವಡೆಯ ಮೇಲೆ ಬೆರಳಾಡಿಸಿದರು.

“ಇಲ್ಲಿ ನಾಕ ಕೂದಲಾ ಬಿಟ್ಟೀರಲ್ರಿ ಸಾಹೇಬ್ರ. ತಡೀರಿ.”

ಬೇಡ ಎನ್ನುವಷ್ಟರಲ್ಲಿ ನೊರೆ ಬಂತು. ಬ್ಲೇಡನ್ನು ಕಣ್ಣ ಮುಂದೆ ಹಿಡಿದು ಕಾಗದ ಹರಿದರು. ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ. “ನಗಬ್ಯಾಡ್ರಿ, ಕೊಯ್ದೀತು,” ಎಂದು ಕೈ ತಡೆದುಕೊಂಡು ಅವರೇ ಇನ್ನಷ್ಟು ನಕ್ಕರು. ಮುಖ ಒರೆಸಿಕೊಳ್ಳುವಷ್ಟರಲ್ಲಿ ಧಾರವಾಡದ ಬಸ್ ಬಂತು, ನಾನು ಹತ್ತಿದೆ. ನಿಂತು ಹೇಳಿಬಿಟ್ಟಿದ್ದರೆ ಮುಂದಿನ ಬಸ್ ಅರ್ಧ ತಾಸಿಗೇ ಇತ್ತು.

ಮುಖದಲ್ಲಿ ಒಂದು ಗೀರಿಲ್ಲ, ಗುಳ್ಳೆಯಿಲ್ಲ. ಕ್ಷಮೆ ಕೇಳಬೇಕಾದ ಬಾಯಿಯ ಸುತ್ತಲಂತೂ ಬಹಳ ನುಣ್ಣಗಿದೆ. ಅಂದು ಉಪ್ಪಿನಬೆಟಗೇರಿಯಲ್ಲಿ ಇಳಿದು ‘ಕಾಕಾನ ಮನೆ ಎಲ್ಲಿ’ ಎಂದು ಕೇಳಿದ್ದಕ್ಕೆ, ಊರ ತುಂಬ ಕಾಕಾಗಳೇ, ಯಾರ ಮನೆ ಬೇಕೆಂದು ಊರವರು ಕೇಳಿದರು. ಅಷ್ಟು ವರ್ಷ ಕೊರಳು ಒಪ್ಪಿಸಿ ಕೂತವನಿಗೆ ಅವರ ಹೆಸರು ಗೊತ್ತಿರಲಿಲ್ಲ. ಈಗ ಗೊತ್ತು: ಫಕೀರಪ್ಪ.