ಮೀಸೆಯುಳ್ಳ ಸಿಬ್ಬಂದಿಯನ್ನು ಮಗುವೊಂದು ‘ಬಾಬಾ’ ಎಂದು ಕರೆದ ಕುರಿತು

ಜನನ, ವಿವಾಹ ಮತ್ತು ಮರಣ ನೋಂದಣಿ ಕಚೇರಿ
ರಾಸ್ ಅಲ್-ಮಿಲ್ಹ್ ಬಂದರು, ಟುನೀಸಿಯಾ

ಸುತ್ತೋಲೆ ಸಂಖ್ಯೆ: ಜವಿಮ/ಮೀಸೆ/೧೪(ಅ)

ವಿಷಯ: ಕಚೇರಿ ಆವರಣದಲ್ಲಿ ಪಿತೃತ್ವದ ತಾತ್ಕಾಲಿಕ ಹಂಚಿಕೆ ಹಾಗೂ ಅದರ ಹಿಂಪಡೆಯುವಿಕೆ.

ಉಲ್ಲೇಖ: ೧. ಕಾವಲುಗಾರ ಶ್ರೀ ಹಮ್ಮಾದಿ ಅವರ ಮೌಖಿಕ ದೂರು.
೨. ಮೊಹರು ಗುಮಾಸ್ತ ಶ್ರೀ ಮನ್ಸಫ್ ಅವರ ಮೌನ.

೧. ಬೆರಳಚ್ಚುಗಾರ್ತಿ ಶ್ರೀಮತಿ ಮುನಿಯಾ ಅವರ ಮೂರು ವರ್ಷದ ಮಗಳು ದುರ್ರಾ ಮಧ್ಯಾಹ್ನದ ನಂತರ ಕಚೇರಿಯಲ್ಲೇ ಇರುತ್ತಾಳೆ. ತಂದೆ ಲುತ್ಫಿ ಹಡಗಿನಲ್ಲಿ ಅಡುಗೆಯವರು. ಮಗು ತೊಟ್ಟಿಲಲ್ಲಿದ್ದಾಗ ಹೋದವರು. ಫೋಟೋದಲ್ಲಿ ಅವರಿಗೆ ದಪ್ಪ ಮೀಸೆ ಇರುವುದರಿಂದ, ಮೀಸೆ ಇದ್ದವರೆಲ್ಲ ಬಾಬಾ, ಅಂದರೆ ಅಪ್ಪ, ಎಂದು ಮಗು ತೀರ್ಮಾನಿಸಿದೆ. ಅಂಚೆಯವರು, ಮೀನಿನವರು, ಗೋಡೆಯ ಮೇಲಿನ ಮಾಜಿ ನಿರ್ದೇಶಕರು ಈ ಪಟ್ಟಕ್ಕೆ ಬಂದಿದ್ದಾರೆ. ಕಚೇರಿಯ ಬೆಕ್ಕನ್ನೂ ಒಂದು ಮಧ್ಯಾಹ್ನದ ಮಟ್ಟಿಗೆ ತಂದೆಯೆಂದು ಪರಿಗಣಿಸಲಾಗಿತ್ತು. ಬೆಕ್ಕು ಆಕ್ಷೇಪಣೆ ಸಲ್ಲಿಸಿಲ್ಲ.

೨. ಹೊಸದಾಗಿ ಕಂಡದ್ದನ್ನು ಮೊದಲೇ ಇದ್ದ ತಿಳಿವಳಿಕೆಯೊಳಗೆ ಹೇಗಾದರೂ ತುರುಕುವ ಈ ಕ್ರಮಕ್ಕೆ ಬಲ್ಲವರು ‘ಸಾತ್ಮೀಕರಣ’ ಎನ್ನುತ್ತಾರೆ. ಇದು ಅಪರಾಧವಲ್ಲವೆಂದೂ, ಈ ಕಚೇರಿಯ ಕಾರ್ಯವಿಧಾನವೂ ಇದೇ ಎಂದೂ ಈ ಮೂಲಕ ಸ್ಪಷ್ಟಪಡಿಸಲಾಗಿದೆ.

೩. ಬಾಬಾ ಎಂದು ಕರೆದಾಗ “ನಾನಲ್ಲ” ಎನ್ನುವುದು ಸಿಬ್ಬಂದಿಯ ಕರ್ತವ್ಯ. ದಪ್ಪ ಮೀಸೆಯ, ಮಕ್ಕಳಿಲ್ಲದ ಶ್ರೀ ಮನ್ಸಫ್ ಮಾತ್ರ “ಏನಮ್ಮಾ?” ಎನ್ನುತ್ತಿದ್ದರು ಮತ್ತು ಮೊಹರಿನ ಡ್ರಾಯರಿನಲ್ಲಿ ಖರ್ಜೂರ ಇಟ್ಟುಕೊಂಡಿದ್ದರು. ಇದರಿಂದ ಕೆಲವು ವಿವಾಹ ಪತ್ರಗಳು ಅಂಟಂಟಾಗಿವೆ. ಇನ್ನು ಮುಂದೆ ಮೀಸೆಯವರ ಡ್ರಾಯರಿನಲ್ಲಿ ಸಿಹಿ ನಿಷಿದ್ಧ.

೪. ಕಳೆದ ಸೋಮವಾರ ಲುತ್ಫಿ ಹಡಗಿನಿಂದಿಳಿದು, ಗೊಂಬೆ ಹಿಡಿದು, ನೇರವಾಗಿ ಕಚೇರಿಗೆ ಬಂದರು. ಒಲೆಯ ಉರಿಗೆ ಮೀಸೆ ಅರ್ಧ ಸುಟ್ಟಿದ್ದರಿಂದ ಉಳಿದರ್ಧವನ್ನೂ ಬೋಳಿಸಿದ್ದರು. ಮಗು ಓಡಿಹೋಗಿ ಶ್ರೀ ಮನ್ಸಫ್ ಅವರ ಕುರ್ಚಿಯ ಹಿಂದೆ ಅವಿತುಕೊಂಡಿತು. ಆಗ ನಡೆದ ಮಾತುಕತೆಯನ್ನು ಇದ್ದ ಹಾಗೆಯೇ ದಾಖಲಿಸಲಾಗಿದೆ:

“ಬಾಬಾ, ಆ ಮಾಮನ್ನ ಕಳಿಸ್ಬಿಡು!”
“ನಾನೇ ಕಣೇ ಚಿನ್ನಾ, ನಿನ್ನ ಬಾಬಾ,” ಎಂದು ಲುತ್ಫಿ.
“ಸುಳ್ಳು. ನಿಂಗೆ ಮೀಸೇನೇ ಇಲ್ಲ.”
“ದಿನಾ ಫೋಟೋ ತೋರಿಸಿ ತೋರಿಸಿ ಸಾಕಿದೀನಿ ಮಹರಾಯ,” ಎಂದು ಶ್ರೀಮತಿ ಮುನಿಯಾ, “ಬೋಳಿಸೋ ಮೊದ್ಲು ಒಂದು ಮಾತು ಹೇಳ್ಬಾರ್ದಿತ್ತಾ?”

ಲುತ್ಫಿ ಗೊಂಬೆಯ ಸಮೇತ ಬೆಂಚಿನ ಮೇಲೆ ಕುಳಿತು ಅತ್ತರು. ಸದರಿ ಬೆಂಚು ಮರಣ ಪತ್ರದ ಅರ್ಜಿದಾರರಿಗೆ ಮೀಸಲಾಗಿದ್ದು, ಇತರರು ನಿಂತೇ ಅಳತಕ್ಕದ್ದು.

೫. ಶ್ರೀ ಮನ್ಸಫ್ ಅಂದು ಒಂದೂ ಮೊಹರು ಒತ್ತಲಿಲ್ಲ. ಸಂಜೆ ಮೀಸೆ ಬೋಳಿಸಿಕೊಳ್ಳಲು ಕ್ಷೌರದಂಗಡಿಗೆ ಹೋದರು. “ಇದು ನಿನ್ನೊಬ್ಬಂದಲ್ಲಪ್ಪ, ಊರಿನ ಆಸ್ತಿ,” ಎಂದು ಕ್ಷೌರಿಕರು ಕತ್ತಿ ಕೆಳಗಿಟ್ಟರು. “ಬೋಳಿಸು ಮಾರಾಯ, ಮನಸ್ಸು ಬದಲಾಗೋದ್ರೊಳಗೆ. ನಂಗೆ ಮೀಸೆ ಇರೋ ತನಕ ಅವಳು ಅವನ ಹತ್ರ ಹೋಗಲ್ಲ,” ಎಂದು ಶ್ರೀ ಮನ್ಸಫ್ ಹೇಳಿದರೆಂದು ತಿಳಿದುಬಂದಿದೆ. ಅಂಚೆಯವರ ಮೀಸೆ ಹಾಗೇ ಉಳಿದಿರುವುದರಿಂದ ಈ ತರ್ಕ ದೋಷಪೂರಿತವೆಂದು ಪರಿಗಣಿಸಲಾಗಿದೆ.

೬. ಮರುದಿನ ಬೆಳಿಗ್ಗೆ ಶ್ರೀ ಮನ್ಸಫ್ ಅವರನ್ನು ಶ್ರೀ ಹಮ್ಮಾದಿ ಬಾಗಿಲಲ್ಲೇ ತಡೆದರು. ಗುರುತಿನ ಚೀಟಿಯಲ್ಲಿ ಮೀಸೆ ಇತ್ತು, ಚೀಟಿ ತಂದವರಲ್ಲಿ ಇರಲಿಲ್ಲ.

“ನಿನ್ನೆ ತಾನೇ ನನ್ನ ಜೊತೆ ಕಡಲೆ ಸಾರು ಕುಡಿದ್ಯಲ್ಲೋ!”
“ಕುಡಿದಿದ್ದು ಮನ್ಸಫ್ ಜೊತೆ. ತಾವ್ಯಾರು?”

ಕಾವಲುಗಾರರ ಕ್ರಮವನ್ನು ಅನುಮೋದಿಸಲಾಗಿದೆ. ಶ್ರೀ ಮನ್ಸಫ್ ಮೆಟ್ಟಿಲ ಮೇಲೆ ಕುಳಿತರು.

೭. ಅಷ್ಟರಲ್ಲಿ ತಾಯಿಯ ಕೈಹಿಡಿದು ಮಗು ಬಂತು. ಲುತ್ಫಿ ಹತ್ತು ಹೆಜ್ಜೆ ಹಿಂದೆ, ಹತ್ತಿರ ಬರಲು ಹೆದರಿ. ಶ್ರೀ ಮನ್ಸಫ್ ಮೈಮರೆತು “ಬಂದ್ಯಾ ಕಳ್ಳೀ?” ಎಂದುಬಿಟ್ಟರು. ಮಗು ನಿಂತಿತು. ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಹತ್ತಿರ ಬಂದು ಅವರ ಮೇಲ್ದುಟಿಯ ಮೇಲೆ ಬೆರಳಿಟ್ಟಿತು.

“ಮೀಸೆ ಎಲ್ಲಿ?”
“ತೆಗೆದ್ಬಿಟ್ಟೆ.”
“ನೋವಾಯ್ತಾ?”
“ಸ್ವಲ್ಪ.”
“ಮೀಸೆ ಹೋದ್ರೂ ನೀನು ನೀನೇನಾ?”
“ನಾನೇ ಮಗಳೇ.”

ಮಗು ಯೋಚಿಸಿತು. ಈ ಅವಧಿಯಲ್ಲಿ ಯಾರ ಆದೇಶವೂ ಇಲ್ಲದೆ ಕಚೇರಿಯ ಕೆಲಸವೆಲ್ಲ ನಿಂತಿತ್ತು. ಬಳಿಕ ಅದು ಹಿಂತಿರುಗಿ ಲುತ್ಫಿಯನ್ನು ನೋಡಿತು.

“ನೀನೂ ತೆಗೆದ್ಬಿಟ್ಯಾ?”

ಲುತ್ಫಿ ಹೌದೆಂದು ತಲೆಯಾಡಿಸಿದರು.

“ಹಂಗಂತ ಹೇಳೋದಲ್ವಾ ಬಾಬಾ!” ಎನ್ನುತ್ತ, ಎತ್ತಿಕೋ ಎಂಬಂತೆ ಅವರತ್ತ ಎರಡೂ ಕೈ ಚಾಚಿತು.

೮. ತುರುಕಲಾಗದ್ದು ಎದುರಾದಾಗ ತಿಳಿವಳಿಕೆಯನ್ನೇ ತಿದ್ದಿಕೊಳ್ಳುವ ಈ ಕ್ರಮವು ‘ಹೊಂದಾಣಿಕೆ’. ಇದಕ್ಕೆ ಕಚೇರಿಯಲ್ಲಿ ಅವಕಾಶವಿಲ್ಲ. ಆದ್ದರಿಂದ ಮೀಸೆ ಬೆಳೆಯುವವರೆಗೆ ಶ್ರೀ ಮನ್ಸಫ್ ಅವರು ಹೊರಗಡೆ ಕುಳಿತು ಕಿಟಕಿಯಿಂದ ಕೈ ಒಳಹಾಕಿ ಮೊಹರು ಒತ್ತತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಕೈಯ ಗುರುತಿನ ಬಗ್ಗೆ ತಕರಾರಿಲ್ಲ.

೯. ಮಗು ಈಗ ಅವರನ್ನು ‘ಮನ್ಸಫ್’ ಎಂದಷ್ಟೇ ಕರೆಯುತ್ತಿದೆ. ಕರೆದ ತಕ್ಷಣ ಓಗೊಡುವುದು ನಿಯಮ. ಅವರು ಒಂದು ಗಳಿಗೆ ತಡೆದು ಓಗೊಡುತ್ತಿರುವುದು ಗಮನಕ್ಕೆ ಬಂದಿದೆ. ಸದರಿ ವಿಳಂಬವನ್ನು ಮನ್ನಿಸಲಾಗಿದೆ.

(ಸಹಿ ಅಸ್ಪಷ್ಟ)
ಪ್ರಭಾರ ನೋಂದಣಾಧಿಕಾರಿ

ಪ್ರತಿಗಳು:
೧. ಶ್ರೀ ಹಮ್ಮಾದಿ, ಕಾವಲುಗಾರರು — ತಂದವರ ಗುರುತು ಪರಿಶೀಲಿಸಿ ಪಡೆಯುವುದು.
೨. ಕ್ಷೌರಿಕರು — ಊರಿನ ಆಸ್ತಿ ವಿಲೇವಾರಿ ಬಗ್ಗೆ ವಿವರಣೆ ಕೋರಿ.
೩. ಕುಮಾರಿ ದುರ್ರಾ — ಓದಲು ಬಾರದ ಕಾರಣ, ಬಾಬಾ ಓದಿ ಹೇಳುವುದು.
೪. ಶ್ರೀ ಮನ್ಸಫ್ — ಕಿಟಕಿಯ ಮೂಲಕ.